ಬರದು ಕೊಡ್ರಿ ಸರ್

ವಿಜಯಪುರದ ನಮ್ಮ ವಾರ್ಡಿಗೆ ಹೊಸದಾಗಿ ಬಂದ ಜಿಎನ್‌ಎಂ ಡಿಪ್ಲೊಮಾದ ನರ್ಸ್ ಹುಡುಗಿಯನ್ನು ಮೊದಲ ವಾರದಲ್ಲೇ ಅಳೆದು ಮುಗಿಸಿದ್ದೆ: ಅಂಜುಬುರುಕಿ, ನೈಟ್‌ಗೆ ಆಗಿಬರುವುದಿಲ್ಲ. ಡಾಕ್ಟರ್ ದನಿ ಏರಿಸಿದರೆ ಅವಳ ಕೈಯಲ್ಲಿನ ಪೆನ್ನು ನಡುಗುತ್ತಿತ್ತು.

ಇಂಡಿ ಕಡೆಯ ಪೇಷಂಟ್, ವಾಂತಿ ಭೇದಿ. ನಡುರಾತ್ರಿ ರಿಪೋರ್ಟ್ ಬಂತು, ಪೊಟ್ಯಾಸಿಯಂ 2.6, ತೀರಾ ಕಮ್ಮಿ. ಡ್ಯೂಟಿ ಡಾಕ್ಟರ್ ಫೋನಿನಲ್ಲೇ "ಕೆಸಿಎಲ್ ಒಂದ್ ಆಂಪ್ಯೂಲ್ ಐವಿ ಕೊಡ್ರಿ" ಅಂದು ಇಟ್ಟುಬಿಟ್ಟರು. ಕೆಸಿಎಲ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಸಲೈನಿನಲ್ಲಿ ಬೆರೆಸಿಯೇ ಕೊಡಬೇಕಾದ ಗಟ್ಟಿ ದ್ರಾವಣ. ಇವಳು ತಿರುಗಿ ಫೋನ್ ಹಚ್ಚಿದಳು. "ಸರ್, ಎಷ್ಟು ಸಲೈನಿನ್ಯಾಗ ರೀ? ಎಷ್ಟು ತಾಸಿಗೆ?" ಆ ಕಡೆಯಿಂದ ಬೈಗುಳ. ಪೂರ್ತಿ ಕೇಳಿಸಿಕೊಂಡು, ಅದೇ ಸಣ್ಣ ದನಿಯಲ್ಲಿ, "ಬಂದು ನೋಡಿ ಬರದು ಕೊಡ್ರಿ ಸರ್, ಅಲ್ಲೀತನಕ ನಾ ಹಚ್ಚಂಗಿಲ್ಲ."

ಪೇಷಂಟಿನ ಮಗ ಕೌಂಟರ್ ಬಡಿಯುತ್ತಿದ್ದ: "ಒಂದ್ ಸೂಜಿ ಮಾಡಾಕ ಎಷ್ಟೊತ್ತು ರೀ ಸಿಸ್ಟರ್?" ನನಗೂ ಸಿಟ್ಟು. 500 ಎಂಎಲ್‌ನಲ್ಲಿ ಬೆರೆಸಿ ನಿಧಾನ ಬಿಡುವುದು ಯಾರಿಗೆ ಗೊತ್ತಿಲ್ಲ? ಫೋನ್ ಆರ್ಡರ್ ಅಂತ ಬರೆದು ಹಚ್ಚವ್ವಾ ಎನ್ನುವಷ್ಟರಲ್ಲಿ ಅವಳು ಯೂರಿನ್ ಬ್ಯಾಗ್ ಎತ್ತಿ ಹಿಡಿದಳು. ತಳದಲ್ಲಿ ಇಷ್ಟೇ ಇಷ್ಟು, ಕಡು ಹಳದಿ. "ಸಂಜೀಯಿಂದ ಇಷ್ಟ ರೀ ಅಕ್ಕಾ." ಕೈ ಆಗಲೂ ನಡುಗುತ್ತಿತ್ತು. ಕಿಡ್ನಿ ಹೊರಗೆ ಹಾಕದಿದ್ದರೆ ಕೊಟ್ಟ ಪೊಟ್ಯಾಸಿಯಂ ರಕ್ತದಲ್ಲೇ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ.

ಡಾಕ್ಟರ್ ಮುಖ ಗಂಟು ಹಾಕಿಕೊಂಡೇ ಬಂದರು. ಬ್ಯಾಗ್ ನೋಡಿದ ಮೇಲೆ ಮಾತಿಲ್ಲ. ಇಸಿಜಿ, ಕಿಡ್ನಿಗೆ ಕ್ರಿಯಾಟಿನಿನ್ ಟೆಸ್ಟ್, ಮೊದಲು ಫ್ಲೂಯಿಡ್. ಯೂರಿನ್ ಬಂದ ಮೇಲೆ ಕೆಸಿಎಲ್, ತಾಸಿಗೆ 10 ಎಂಇಕ್ಯೂ (ಪೊಟ್ಯಾಸಿಯಂ ಅಳೆಯುವ ಮಾನ) ದಾಟದಂತೆ. ಎಲ್ಲ ಬರೆದು ಸಹಿ ಹಾಕಿದರು. ಮುಂಜಾನೆ ಮಾತ್ರ ಸೂಪರಿಂಟೆಂಡೆಂಟ್ ಹತ್ತಿರ ದೂರು ಹೋಗಿತ್ತು, ಸಿಸ್ಟರ್ ಎದುರುತ್ತರ ಕೊಡುತ್ತಾಳೆ ಅಂತ. ಅವಳ ವಿವರಣೆಯ ಕೆಳಗೆ ನಾನೂ ಸಹಿ ಹಾಕಿದೆ.

ನಮ್ಮ ಮ್ಯಾನೇಜ್‌ಮೆಂಟ್‌ನವರು ನೈಟ್ ಮುಗಿಸಿ ಬಂದವರನ್ನೇ ಕೂರಿಸಿ ಮನೋಸ್ಥೈರ್ಯದ ಟ್ರೇನಿಂಗ್ ಕೊಡಿಸಿದ್ದರು. ಕಣ್ಣು ಮುಚ್ಚಿ ಉಸಿರೆಳೆಯಿರಿ ಅಂದಾಗ ಅರ್ಧ ಮಂದಿ ಅಲ್ಲೇ ನಿದ್ದೆ ಹೋದರು. ಅಂಜಿಕೊಂಡೇ ಎರಡನೇ ಸಲ ಫೋನ್ ಹಚ್ಚುವುದನ್ನು ಅಲ್ಲಿ ಯಾರೂ ಕಲಿಸಲಿಲ್ಲ.

ಕೆಸಿಎಲ್‌ನಂಥ ಗಟ್ಟಿ ದ್ರಾವಣಗಳನ್ನು ವಾರ್ಡಿನಲ್ಲಿ ಕೈಗೆ ಸಿಗುವಂತೆ ಇಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ನಮ್ಮ ಟ್ರೇಯಲ್ಲಿ ಅದು ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲೇ ಇರುತ್ತಿತ್ತು. ಈಗ ಕೆಂಪು ಸ್ಟಿಕರ್ ಹಚ್ಚಿದ ಬೇರೆ ಡಬ್ಬಿ ಬಂದಿದೆ. ಕೀಲಿಗೆ ಇಂಡೆಂಟ್ ಹಾಕಿದ್ದೇವೆ, ಸ್ಟೋರಿನವರು ಮುಂದಿನ ತಿಂಗಳು ನೋಡೋಣ ಅಂದಿದ್ದಾರೆ.