ಸಂಗನಕಲ್ಲು ಗುಡ್ಡದ ಗಿಡಗಳ ನಕ್ಷೆ: ಈ ಮಳೆಗಾಲದಲ್ಲಿ ಆದಷ್ಟು

ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದ ನೆತ್ತಿಯಿಂದ ಕೆಳಗಿನ ಎರೆಹೊಲದವರೆಗೆ (ಕಪ್ಪು ಮಣ್ಣಿನ ಹೊಲ) ಯಾವ ಗಿಡ ಎಲ್ಲಿದೆ ಎಂದು ಗುರುತು ಹಾಕುವ ಕೆಲಸ ಈ ಮಳೆಗಾಲದಲ್ಲಿ ಒಂದು ಹಂತಕ್ಕೆ ಬಂತು. ಮೊಬೈಲ್ ಜಿಪಿಎಸ್‌ನಲ್ಲಿ ಜಾಗ ಗುರುತಿಸುವುದು, ಕಬ್ಬಿಣದ ಸಲಾಕೆ ಇಳಿಸಿ ಮಣ್ಣು ಎಷ್ಟು ಆಳ ಇದೆ ನೋಡುವುದು, ಗಿಡದ ಹೆಸರು ಬರೆದುಕೊಳ್ಳುವುದು. ಕೆಲಸ ಇಷ್ಟೇ. ಆದರೆ ಒಂದು ಗಿಡ ಇಲ್ಲಿ ಯಾಕಿದೆ, ಹತ್ತು ಹೆಜ್ಜೆ ಆಚೆ ಯಾಕಿಲ್ಲ ಅನ್ನುವ ಪ್ರಶ್ನೆ ಬೆನ್ನು ಬಿಡುತ್ತಿಲ್ಲ.

ಮಳೆಯನ್ನು ಕಾರಣ ಅನ್ನುವ ಹಾಗಿಲ್ಲ. ನಮ್ಮದು ಪಶ್ಚಿಮ ಘಟ್ಟದ ಮಳೆನೆರಳಿನ ನಾಡು. ವರ್ಷಕ್ಕೆ 500 ಮಿ.ಮೀ. ಆಸುಪಾಸು, ಅದರಲ್ಲೂ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗುಡ್ಡಕ್ಕೂ ಹೊಲಕ್ಕೂ ಬೀಳುವುದು ಅದೇ ಮಳೆ. ಬಿದ್ದ ನೀರನ್ನು ಕಲ್ಲು, ಮಣ್ಣು ಏನು ಮಾಡುತ್ತವೆ ಅನ್ನುವುದರಲ್ಲೇ ವ್ಯತ್ಯಾಸ ಇರೋದು. ಬಂಡೆ ಬಿರುಕಿನಲ್ಲಿ ಕಲ್ಲರಳಿ, ಅರಿಶಿನ ಬೂರುಗ. ಬುಡದ ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ತಂಗಡಿ, ಬಂದರಿಕೆ, ತುಗ್ಗಲಿ. ಎರೆಗೆ ಇಳಿದರೆ ಇವೆಲ್ಲ ತೆಳುವಾಗಿ ಕರಿಜಾಲಿ ಕಾಣಿಸಿಕೊಳ್ಳುತ್ತದೆ. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವ ನೆಲ. ಆ ಎಳೆದಾಟಕ್ಕೆ ಎಳೆ ಬೇರು ಹರಿದುಹೋಗುತ್ತದೆ. ಅದನ್ನು ತಾಳುವ ಮರಗಳು ಕಡಿಮೆ. ಗಿಡ ನೋಡಿಯೇ ಕಾಲಡಿಯ ನೆಲ ಯಾವುದು ಅಂತ ಹೇಳಬಹುದು.

ಈ ಲೆಕ್ಕ ಕೆಡುವುದು ಬಳ್ಳಾರಿ ಜಾಲಿಯ ಹತ್ತಿರ. ಮಸಾರಿ, ಎರೆ, ರಸ್ತೆ ಬದಿ, ಕಾಲುವೆ ನೀರು ಬಸಿದು ಸೌಳಾದ ನೆಲ, ಎಲ್ಲಿ ನೋಡಿದರೂ ಅದೇ. ಅಮೆರಿಕ ಖಂಡದ ಗಿಡ ಇದು. 1877ರಲ್ಲಿ ಜಮೈಕಾದಿಂದ ತರಿಸಿದ ಬೀಜವನ್ನು ಕಡಪಾ ಸೀಮೆಯಲ್ಲಿ ಸೌದೆಗಾಗಿ ಬಿತ್ತಿದರು. ನಿಜಾಮರು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಕಡಪಾ, ಬಳ್ಳಾರಿ ಎರಡೂ ಇದ್ದವು. 1953ರವರೆಗೂ ಬಳ್ಳಾರಿ ಮದ್ರಾಸಿಗೇ ಸೇರಿತ್ತು. ಅಂದರೆ ಬೀಜ ಬಿತ್ತಿದ ಸೀಮೆಯೂ ನಮ್ಮದೂ ಒಂದೇ ಆಡಳಿತದಲ್ಲಿದ್ದವು. ಆಮೇಲಿನ ಕೆಲಸ ದನಕರುಗಳದ್ದು. ಕಾಯಿ ಸಿಹಿ, ದನ ಆಸೆಪಟ್ಟು ತಿನ್ನುತ್ತದೆ. ಗಟ್ಟಿ ಬೀಜ ಹೊಟ್ಟೆಯಲ್ಲಿ ಕರಗದೆ, ಸಿಪ್ಪೆ ಮೆತ್ತಗಾಗಿ, ಸಗಣಿಯ ಜೊತೆ ನೆಲಕ್ಕೆ ಬೀಳುತ್ತದೆ. ಒಣಗಿದ ಸಗಣಿ ಒಂದನ್ನು ಮುರಿದು ನೋಡಿದೆ: ಒಳಗೆ ಕಂದು ಬೀಜಗಳು, ಕೆಲವದರ ಮೊಳಕೆ ಆಗಲೇ ಹೊರಗೆ ಬಂದಿತ್ತು.

ಇಷ್ಟು ಎಲ್ಲೆಡೆ ಇರುವ ಜಾಲಿ ಬಂಡೆಯ ಮೇಲಿನ ಕೆಲವು ತಟ್ಟುಗಳಲ್ಲಿ, ಅಂದರೆ ಸಮತಟ್ಟಾದ ಜಾಗಗಳಲ್ಲಿ, ಮಾತ್ರ ಇಲ್ಲ. ಮಣ್ಣು ಸಾಲದೆ ಇರಬೇಕು ಎಂದುಕೊಂಡಿದ್ದೆ. ಕುರಿ ಕಾಯುವ ಅಜ್ಜ ಒಬ್ಬರು, ‘ಅಲ್ಲಿಗೆ ದನಾನೂ ಹತ್ತಂಗಿಲ್ಲ, ಕುರೀನೂ ಹತ್ತಂಗಿಲ್ಲ, ಜಾಲಿ ಎಲ್ಲಿಂದ ಬರ್ಬೇಕು ತಮ್ಮಾ?’ ಅಂದರು. ಅಂದಿನಿಂದ ತಟ್ಟುಗಳನ್ನು ಜೋಡಿಯಾಗಿ ನೋಡುತ್ತಿದ್ದೇನೆ: ಮಣ್ಣಿನ ಆಳ ಒಂದೇ, ಆದರೆ ಒಂದಕ್ಕೆ ಜಾನುವಾರು ಹೋಗುತ್ತವೆ, ಇನ್ನೊಂದಕ್ಕೆ ಹೋಗುವುದಿಲ್ಲ. ಸಲಾಕೆ ಮೊಣಕೈಯಷ್ಟು ಇಳಿಯುವ ಕಡೆ ಸಹ, ದನ ಹೋಗದಿದ್ದರೆ ಜಾಲಿ ಇಲ್ಲ. ಅಲ್ಲಿ ಜಾನೆ, ಕಾರೆ, ಕವಳೆ ಪೊದೆ ಹಿಡಿದಿವೆ. ಹಕ್ಕಿ ತಂದು ಹಾಕುವ ಬೀಜಗಳು ಇವು. ದರೋಜಿ ಕಡೆಯ ಗುಡ್ಡಗಳಲ್ಲಾದರೆ ಕರಡಿಯೂ ಇವನ್ನು ತಿಂದು ಹರಡುತ್ತದೆ. ನೋಡಿದ ಜೋಡಿಗಳು ಇನ್ನೂ ಕಡಿಮೆ, ಆದರೂ ಅಜ್ಜನ ಮಾತೇ ಸರಿ ಅನ್ನಿಸುತ್ತಿದೆ.

ಇದೇ ಗುಡ್ಡದಲ್ಲಿ ದನದ ಕಥೆ ಬಹಳ ಹಳೆಯದು. ಸಂಗನಕಲ್ಲು ನವಶಿಲಾಯುಗದ ನೆಲೆ. ಇಲ್ಲಿನ ಕರಿಗಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಕುಡತಿನಿಯ ಬೂದಿದಿಬ್ಬ ಅದೇ ಕಾಲದವರು ಸಗಣಿ ಗುಡ್ಡೆ ಹಾಕಿ ಸುಟ್ಟದ್ದು. ನಾಲ್ಕು ಸಾವಿರ ವರ್ಷಗಳಿಂದ ಮೇಯಿಸಿ, ಕಡಿದು, ಸುಟ್ಟ ನೆಲ ಇದು. ಬರೇ ಮಳೆ, ಮಣ್ಣು ನೋಡಿ ಇದನ್ನು ‘ಸಹಜ ಕುರುಚಲು’ ಎಂದು ಕರೆಯಲು ನನಗೆ ಮನಸ್ಸಿಲ್ಲ. ಇಲ್ಲಿ ಅಗೆದಾಗ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆಯ ಜೊತೆಗೆ ಇನ್ನೊಂದು ಹುಲ್ಲಿನ ಕಾಳೂ ಇತ್ತು. ಆ ಹುಲ್ಲು ಈಗಲೂ ಇದೆ. ಮರದ ನೆರಳಲ್ಲಿ ಬೆಳೆದು, ತೆನೆಯ ಮುಳ್ಳುಗೂದಲಿನಿಂದ ಬಟ್ಟೆಗೆ ಅಂಟಿಕೊಳ್ಳುತ್ತದೆ. ಪ್ಯಾಂಟಿನ ಕೆಳಗೆ ಅಂಟಿದ ಆ ತೆನೆಗಳನ್ನು ಬಿಡಿಸುತ್ತಾ ಕೂತಾಗ, ಆಗಿನವರ ಊಟ ಈಗ ಕಳೆ ಆಗಿರುವುದು ನೆನಪಾಗಿ ಮೈ ಜುಮ್ಮೆಂದಿತು.

ಇನ್ನೆರಡು ಟಿಪ್ಪಣಿ. ಕಲ್ಲುಗಳ ನಡುವಿನ ಸೀತಾಫಲವನ್ನು ನಮ್ಮದೇ ಕಾಡುಗಿಡ ಎಂದು ಸುಮಾರು ಜನ ನಂಬಿದ್ದಾರೆ. ಅದೂ ಅಮೆರಿಕ ಖಂಡದಿಂದ ಬಂದದ್ದೇ. ಪಾಪಾಸುಕಳ್ಳಿ ಅಲ್ಲೊಂದು ಇಲ್ಲೊಂದು. 1926ರಲ್ಲಿ ಶ್ರೀಲಂಕಾದಿಂದ ತರಿಸಿದ ಕೆಂಬಣ್ಣದ ಹುಳ ದಕ್ಷಿಣ ಭಾರತದಲ್ಲೆಲ್ಲ ಅದನ್ನು ತಿಂದು ಹಾಕಿತು. ಬೇರು ಬಿಟ್ಟ ಗಿಡವನ್ನೂ ಒಂದು ಹುಳ ನಕ್ಷೆಯಿಂದ ಕಿತ್ತುಹಾಕಬಲ್ಲದು.

ಮುಂದಿನ ಕೆಲಸ ಸಂಡೂರಿನದು. ಅಲ್ಲಿ ಎತ್ತರ ಹೆಚ್ಚು, ಮಳೆ ಹೆಚ್ಚು, ಕಲ್ಲು ಕಬ್ಬಿಣದ ಅದಿರಿನದು. ಗಣಿ ಮುಟ್ಟದ ಇಳಿಜಾರು ಒಂದನ್ನು ಆರಿಸಿ, ಅಲ್ಲೂ ಇದೇ ರೀತಿ ಜೋಡಿ ತಟ್ಟು ಹುಡುಕಬೇಕು. ಮಳೆ ಹೆಚ್ಚಿರುವ ಕಡೆಯೂ ಜಾಲಿ ದನದ ಹಾದಿಯನ್ನೇ ಹಿಡಿಯುತ್ತದೋ ಇಲ್ಲವೋ ನೋಡಬೇಕಿದೆ. ಆನೆಗೊಂದಿ, ಮಸ್ಕಿ ಕಡೆಯವರು ನಿಮ್ಮ ಗುಡ್ಡದಲ್ಲಿ ದನ ಹತ್ತದ ಬಂಡೆ ಇದ್ದರೆ, ಅಲ್ಲಿ ಯಾವ ಗಿಡ ಇದೆ ನೋಡಿ ತಿಳಿಸಿ. ಹೆಸರು ಗೊತ್ತಿಲ್ಲದಿದ್ದರೆ ಎಲೆ, ಕಾಯಿಯ ಫೋಟೊ ಸಾಕು.