ಗ್ಯಾಸ್ಟ್ರಿಕ್ ಮಾತ್ರೆ ಮೇಲೆ ಬಂದ ಅಪವಾದ

"ಅಲ್ಲ ಕಣೇ, ದಿನಾ ಆ ಗ್ಯಾಸ್ಟ್ರಿಕ್ ಮಾತ್ರೆ ನುಂಗ್ತಿದ್ಯಲ್ಲ, ಅದಕ್ಕೇ ಗರ್ಭ ನಿಲ್ತಿಲ್ಲ ಅನ್ಸತ್ತೆ."

ಭಾನುವಾರ ನನ್ನ ಪಕ್ಕ ಕೂತು ಬಟ್ಟೆ ಮಡಚುತ್ತಾ ಚಿಕ್ಕಮ್ಮ ಹೇಳಿದ ಮಾತಿದು. ಹೇಳಿ, ಇನ್ನೊಂದು ಟವೆಲ್ ಕೈಗೆತ್ತಿಕೊಂಡರು. ಕೆಟ್ಟವರೇನಲ್ಲ. ಮೂರು ಸಲ ಗರ್ಭ ಹೋದಾಗಲೂ ಆಸ್ಪತ್ರೆಯಲ್ಲಿ ನನ್ನ ಜೊತೆ ಇದ್ದವರು ಅವರೇ. ಆದರೆ ಮನಸ್ಸಿಗೂ ಬಾಯಿಗೂ ನಡುವೆ ಒಂದು ಬಾಗಿಲು ಇಟ್ಟುಕೊಂಡವರಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದೆಯುರಿ ಬೇರೆ. ಮಾತ್ರೆ ತಗೊಳ್ಳಲು ಧೈರ್ಯ ಸಾಲಲಿಲ್ಲ. ಪಕ್ಕದಲ್ಲಿ ಗಂಡ ಅದೇ ಮಾತ್ರೆ ನುಂಗಿ ಹಾಯಾಗಿ ಮಲಗಿದ್ದರು. ಅವರೂ ಎರಡು ವರ್ಷದಿಂದ ತಗೋತಿದ್ದಾರೆ. ಅವರನ್ನು ಮಾತ್ರ ಯಾರೂ ಏನೂ ಕೇಳಿಲ್ಲ, ನೋಡಿ.

ಬುಧವಾರ ಡಾಕ್ಟರಮ್ಮನ ಎದುರು ಕೂತಾಗ ರಿಪೋರ್ಟ್ ಬಿಟ್ಟು ಮೊದಲು ಕೇಳಿದ್ದೇ ಇದನ್ನು. ಅವರು ನಗಲಿಲ್ಲ. "ಮೊದಲನೇ ಸಲವೂ ತಗೋತಿದ್ರಾ?" ಅಂದರು.

ಯೋಚಿಸಿದೆ. ಇಲ್ಲ! ನನಗೆ ಎದೆಯುರಿ ಶುರುವಾಗಿದ್ದೇ ಎರಡನೇ ಸಲ. ಮೂರು ದಿನ ನನ್ನನ್ನೇ ಬೈದುಕೊಂಡಿದ್ದೆ, ಇಷ್ಟು ಸರಳ ಲೆಕ್ಕ ಹೊಳೆದಿರಲಿಲ್ಲ.

ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಮಾತ್ರೆಗಳಿಂದ ಗರ್ಭ ಪದೇ ಪದೇ ಹೋಗುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲವಂತೆ. 2010ರಲ್ಲಿ ಡೆನ್ಮಾರ್ಕ್‌ನವರು ಎಂಟು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ದಾಖಲೆ ತೆಗೆದು ನೋಡಿದ್ದರಂತೆ. ಮೊದಲ ಮೂರು ತಿಂಗಳಲ್ಲಿ ಇವನ್ನು ತಗೊಂಡವರ ಮಕ್ಕಳಲ್ಲಿ ದೊಡ್ಡ ಹುಟ್ಟುದೋಷಗಳು ಜಾಸ್ತಿ ಕಾಣಲಿಲ್ಲ. "ಅದು ಹುಟ್ಟಿದ ಮಕ್ಕಳ ಲೆಕ್ಕ, ಹೋದವುಗಳದ್ದಲ್ಲ" ಅಂತ ಡಾಕ್ಟರಮ್ಮನೇ ಸೇರಿಸಿದರು. ಹೀಗೆ ತಮ್ಮ ಮಾತಿಗೆ ತಾವೇ ಗೆರೆ ಎಳೆಯುವ ಡಾಕ್ಟರ್ ನನಗೆ ಇಷ್ಟ. ಗರ್ಭಪಾತವನ್ನೇ ನೋಡಿದ ಅಧ್ಯಯನಗಳು ಚಿಕ್ಕವು, ಅವುಗಳಲ್ಲೂ ಸ್ಪಷ್ಟ ನಂಟು ಸಿಕ್ಕಿಲ್ಲವಂತೆ.

ಈ ಭಯ ಪೂರ್ತಿ ಗಾಳಿಮಾತೂ ಅಲ್ಲ. ಹೊಟ್ಟೆಹುಣ್ಣಿಗೆಂದು ಬಂದ ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆ ಗರ್ಭಕೋಶವನ್ನು ಹಿಂಡುತ್ತದೆ. ಗರ್ಭ ತೆಗೆಸಲೂ ಅದನ್ನೇ ಕೊಡುತ್ತಾರೆ. ಕೆಲವು ನೋವಿನ ಮಾತ್ರೆಗಳಲ್ಲೂ ಅದು ಸೇರಿರುತ್ತದಂತೆ. ನನ್ನ ಮಾತ್ರೆ ಅದಲ್ಲ, ಕೆಲಸವೂ ಬೇರೆ. ಆದರೆ ಎರಡೂ "ಹೊಟ್ಟೆ ಮಾತ್ರೆ"ಯೇ ತಾನೇ!

ಇಷ್ಟು ಕೇಳಿದ ಮೇಲೆ ಹಗುರಾಗಬೇಕಿತ್ತು, ಅಲ್ವಾ? ಹೇಳಲು ನಾಚಿಕೆ, ನನಗಾಗಿದ್ದು ನಿರಾಸೆ. ಮಾತ್ರೆಯೇ ಕಾರಣವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಮುಂದಿನ ಸಲ ಎಲ್ಲ ಸರಿಹೋಗುತ್ತಿತ್ತು. ಚಿಕ್ಕಮ್ಮ ಹೊರಿಸಿದ ತಪ್ಪನ್ನು ಮೂರು ದಿನ ಹೊತ್ತು ತಿರುಗಿದ್ದು ಅದಕ್ಕೇ ಇರಬೇಕು. ತಪ್ಪು ನನ್ನದಾದರೆ ತಿದ್ದುವುದೂ ನನ್ನ ಕೈಯಲ್ಲೇ ಇರುತ್ತದಲ್ಲ.

"ಶುರುವಿನಲ್ಲೇ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಕ್ರೋಮೋಸೋಮ್, ಅಂದ್ರೆ ವಂಶವಾಹಿಗಳನ್ನು ಹೊತ್ತ ಎಳೆಗಳ, ಏರುಪೇರು ಕಾರಣ" ಅಂದರು. "ನಿಮ್ಮ ಹಾಗೆ ಪದೇ ಪದೇ ಆದವರಿಗೆ ಎಲ್ಲ ಟೆಸ್ಟ್ ಮಾಡಿಸ್ತೀವಿ. ಸುಮಾರು ಅರ್ಧ ಜನರಿಗೆ ಕಾರಣವೇ ಸಿಗೋದಿಲ್ಲ." ಕಾರಣ ಸಿಗದವರಲ್ಲೂ ಎಷ್ಟೋ ಜನ ಮುಂದೆ ಮಗು ಎತ್ತಿಕೊಂಡಿದ್ದಾರೆ ಅಂತಲೂ ಹೇಳಿದರು. ಅದು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಥೈರಾಯ್ಡ್, ಗರ್ಭಕೋಶದ ಸ್ಕ್ಯಾನ್, ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಬಾಡಿ ಟೆಸ್ಟ್ ಬರೆದುಕೊಟ್ಟರು. ಕೊನೆಯದು ಪಾಸಿಟಿವ್ ಬಂದರೆ 12 ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕು. ಅದೇ ಕಾರಣ ಅಂತಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಹೆಪಾರಿನ್ ಇವೆ. ಅದೇ ಇರಲಿ ದೇವರೇ ಅಂತ ಬೇಡಿಕೊಂಡೆ. ಕಾಯಿಲೆ ಇರಲಿ ಅಂತ ಬೇಡಿಕೊಂಡವಳು ನಾನೊಬ್ಬಳೇ ಇರಲಿಕ್ಕಿಲ್ಲ.

ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಮಾತ್ರೆಯಿಂದ ಅಲ್ಲವಂತೆ."

"ಮತ್ತೆ ಯಾವುದರಿಂದಂತೆ?" ತಕ್ಷಣ ಕೇಳಿದರು.