ಮೇಷ್ಟ್ರ ಮೂರನೇ ಕಾಲಂ

ನಮಗೆ ಮನೋಚಿಕಿತ್ಸೆ ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ರಾತ್ರಿ ನಮ್ಮ ಬ್ಯಾಚಿನವರೆಲ್ಲ ಮಾತಾಡಿದ್ದು ಆ ಗೋಡೆ ಗಡಿಯಾರದ ಬಗ್ಗೆ. ಅದು ಚಿಕಿತ್ಸೆಗೆ ಬಂದವರ ಬೆನ್ನ ಹಿಂದೆ, ಚಿಕಿತ್ಸಕರ ಕಣ್ಣಿನ ನೇರಕ್ಕೆ ಇರಬೇಕು. ಅಳುತ್ತಿರುವವರ ಎದುರು ಮಣಿಕಟ್ಟು ನೋಡಿಕೊಂಡರೆ ಅವತ್ತಿನ ಕೆಲಸ ಕೆಟ್ಟಂತೆ. ಸೆಷನ್ 50 ನಿಮಿಷ ಅಂದರೆ 50. ದೊಡ್ಡ ಮಾತು ಬರುವುದು ಎದ್ದು ಬಾಗಿಲ ಚಿಲಕಕ್ಕೆ ಕೈಹಾಕಿದಾಗಲೇ. ಅದನ್ನು ನಿಂತಲ್ಲೇ ಬಿಚ್ಚಬಾರದು. "ಮುಂದಿನ ಸಲ ಇಲ್ಲಿಂದಲೇ ಶುರು ಮಾಡೋಣ" ಅನ್ನಬೇಕು.

ವಿದ್ಯೆಯಲ್ಲಿ ಅವರದು ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ ಮನೆತನ. 1922ರಲ್ಲಿ ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿದ್ದನ್ನು ತಾತನ ಸುದ್ದಿಯಂತೆ ಹೇಳೋರು. ಆ ಪರಂಪರೆಯ ಕಲಿಕೆಗೆ ಮೂರು ಕಾಲು: ತಾನೇ ವಿಶ್ಲೇಷಣೆಗೆ ಕೂರುವುದು, ಓದು, ನಡೆಸಿದ ಸೆಷನ್ನನ್ನು ಹಿರಿಯರ ಮುಂದಿಟ್ಟು ತಿದ್ದಿಸಿಕೊಳ್ಳುವ ಸೂಪರ್‌ವಿಷನ್. ಮೊದಲನೆಯದು ನಮ್ಮ ಸಿಲಬಸ್ಸಿನಲ್ಲೇ ಇರಲಿಲ್ಲ, ಎರಡನೆಯದು ಪರೀಕ್ಷೆಯ ಜೊತೆ ಹೋಯಿತು.

ಸೂಪರ್‌ವಿಷನ್ ಮಾತ್ರ ಮೈಗಂಟಿದೆ. ಸೆಷನ್ ನಡೆವಾಗ ಪೆನ್ನು ಮುಟ್ಟುವಂತಿಲ್ಲ. ಬರೆಯಹೊರಟ ಕಿವಿ ತನಗೆ ಬೇಕಾದ್ದನ್ನೇ ಆರಿಸುತ್ತದೆಂದು ಫ್ರಾಯ್ಡ್ 1912ರಲ್ಲೇ ಎಚ್ಚರಿಸಿದ್ದ. ಮುಗಿದ ಕೂಡಲೇ, ಕಾಫಿಗೂ ಮೊದಲು, ಪುಟಕ್ಕೆ ಮೂರು ಕಾಲಂ ಎಳೆಯಬೇಕು: ಅವರು ಅಂದದ್ದು, ನಾವು ಅಂದದ್ದು, ಆಗ ನಮ್ಮೊಳಗೆ ಆದದ್ದು. ಮೂರನೆಯದು ಖಾಲಿಯಿದ್ದರೆ ಹಾಳೆ ವಾಪಸ್. ಆಕಳಿಕೆ ಬಂದಿದ್ದರೆ ಯಾವ ಮಾತಿಗೆ ಬಂತು ಅನ್ನುವುದೂ ಬೇಕು.

ಹೊಸಬರು ಎಡವುವುದು ಬುದ್ಧಿ ಹೇಳುವುದರಲ್ಲಿ. ರೋಗಿ "ಏನ್ಮಾಡ್ಲಿ ಹೇಳಿ ಸಾರ್" ಅಂದ ಕೂಡಲೇ ಹೇಳಿಬಿಡುತ್ತಾರೆ; ಮುಂದಿನ ವಾರ ರೋಗಿ ಬರುವುದಿಲ್ಲ, ಬಂದರೂ ಪಾಠ ಒಪ್ಪಿಸಲು ಬರುತ್ತಾರೆ. ಇನ್ನೊಂದು ತಪ್ಪು, ಅರ್ಥ ಹೇಳುವ ಆತುರ. ಅಪ್ಪನ ಮೇಲಿನ ಸಿಟ್ಟು ನಮಗೆ ಕಂಡಿತೆಂದು ಆಡಬಾರದು. ಅಪ್ಪನ ಸುದ್ದಿ ಬಂದಾಗಲೆಲ್ಲ ಮಾತು ಕ್ರಿಕೆಟ್ಟಿಗೆ ಹೊರಳುವುದನ್ನು ಮೊದಲು ತೋರಿಸಬೇಕು. ಮೊದಲು ತಡೆ, ಆಮೇಲೆ ತಡೆದದ್ದು.

ಈಗ ವಾರಾಂತ್ಯದ ಎರಡು ದಿನಕ್ಕೆ ಸರ್ಟಿಫಿಕೇಟು ಸಿಗುತ್ತದಂತೆ. ಸೆಷನ್ನನ್ನು ಫೋನೇ ಬರೆದುಕೊಡುತ್ತದೆ, ಎರಡು ಕಾಲಂ ಮಾತ್ರ. ನಮ್ಮ ಬ್ಯಾಚಿನವರು ಕಲಿಸುವ ಕಡೆ ಇವತ್ತಿಗೂ ಹಾಳೆಗೆ ಸ್ಕೇಲಿಟ್ಟು ಗೆರೆ ಎಳೆಸುತ್ತಾರೆ, ಅಷ್ಟು ಹೆಮ್ಮೆ ನಮಗಿದೆ.

ಒಮ್ಮೆ ರೋಗಿ ಬಾರದ ದಿನ ನಮ್ಮ ಇಬ್ಬರು ಹಾಸ್ಟೆಲಿನಲ್ಲಿ ಕೂತು ಇಡೀ ಸೆಷನ್ ಹೆಣೆದರು. ಮೇಷ್ಟ್ರು ಓದಿದರು. ಎಲ್ಲೂ ತೊದಲಿಲ್ಲ, "ಅದೇ... ಏನೋ ಹೇಳ್ತಿದ್ನಲ್ಲ" ಇಲ್ಲ, ಪ್ರಶ್ನೆಗೆ ಸರಿಯಾಗಿ ಉತ್ತರ ಬಂದಿದೆ. ಬೈಯಲಿಲ್ಲ. ಈ ರೋಗಿಗೆ ಯಾಕೆ ತಾಯಿಯೇ ಇಲ್ಲ, ಕೊನೆಗೆ ಥ್ಯಾಂಕ್ಸ್ ಹೇಳುವ ಅವಸರ ಯಾರದು ಅಂತ ಇಲ್ಲದ ರೋಗಿಯ ಮೇಲೆ ಪೂರ್ತಿ ಒಂದು ತಾಸು ಸೂಪರ್‌ವಿಷನ್ ಮಾಡಿದರು. ಇಬ್ಬರೂ ಬೆವೆತಿದ್ದರು. ಹಾಳೆ ಮರಳಿಸುವಾಗ ಮೂರನೇ ಕಾಲಮ್ಮಿನ ಕೆಳಗೆ ಪೆನ್ಸಿಲಿನಲ್ಲಿ ತಮ್ಮದೊಂದು ಸಾಲು ಸೇರಿಸಿದ್ದರು: "ನಗು ಬಂತು, ತಡೆದುಕೊಂಡೆ."